ಎಪಾಕ್ಸಿ ನೆಲಕ್ಕೆ ಎಷ್ಟು ದಪ್ಪ ಬೇಕು: ಆಯ್ಕೆ, ಲೆಕ್ಕ, ಅಳತೆ

ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರ್ ಜಾಗದಲ್ಲಿ ಸಮನಾಗಿ ಹರಡಿದರೆ ಅದರ ದಪ್ಪ 1 ಮಿಲಿಮೀಟರ್, ಅಂದರೆ 1000 ಮೈಕ್ರಾನ್. ರೆಸಿನ್ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗ ಬೆರೆಸಿ ಕಾಂಕ್ರೀಟಿನ ಮೇಲೆ ಹಾಕುವ ಎಪಾಕ್ಸಿ ನೆಲದ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ. "ಎರಡು ಕೋಟ್ ಹಾಕಿದೆ" ಎಂಬ ಮಾತಿನಿಂದ ದಪ್ಪದ ಬಗ್ಗೆ ಏನೂ ತಿಳಿಯುವುದಿಲ್ಲ. ನೀರು ಆಧಾರಿತ ಎಪಾಕ್ಸಿಯ ಎರಡು ಕೋಟ್ ಒಣಗಿದ ಮೇಲೆ 120 ಮೈಕ್ರಾನ್ ಉಳಿಯಬಹುದು. ದ್ರಾವಕವೇ ಇಲ್ಲದ ಎಪಾಕ್ಸಿಯ ಎರಡು ಕೋಟ್ 500 ಮೈಕ್ರಾನ್ ಮುಟ್ಟಬಹುದು. ಮೊದಲ ದಿನ ಎರಡೂ ಒಂದೇ ಥರ ಮಿರುಗುತ್ತವೆ. ವ್ಯತ್ಯಾಸ ಕಾಣುವುದು ಬಾಗಿಲ ಬಳಿ, ತಿರುವಿನಲ್ಲಿ, ಚಕ್ರ ಹೊರಳುವ ಜಾಗದಲ್ಲಿ, ಅದೂ ಬಳಸಿ ಸ್ವಲ್ಪ ಕಾಲವಾದ ಮೇಲೆ.

ದಪ್ಪ ಹೆಚ್ಚಿದಷ್ಟೂ ನೆಲ ಗಟ್ಟಿ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಸವಕಳಿ, ಗೀರು, ಭಾರದ ಚಕ್ರ, ಬೀಳುವ ಉಪಕರಣ ಇವುಗಳಿಗೆ ದಪ್ಪ ಉತ್ತರ ಕೊಡುತ್ತದೆ. ಕೆಳಗಿನಿಂದ ಏರುವ ತೇವ, ಪುಡಿಪುಡಿಯಾಗುವ ಕಾಂಕ್ರೀಟ್, ಬಿಸಿನೀರು, ಬಿಸಿಲಿಗೆ ಹಳದಿಯಾಗುವ ಗುಣ ಇವಕ್ಕೆ ಕೊಡುವುದಿಲ್ಲ. ಹಾಗಾಗಿ ದಪ್ಪವನ್ನು ಆರಿಸುವ ಮೊದಲು ಸಮಸ್ಯೆ ಯಾವ ಗುಂಪಿನದು ಎಂದು ನೋಡಬೇಕು.

ಹಂತ 1: ನೆಲದ ಮೇಲೆ ಏನು ನಡೆಯುತ್ತದೆ ಎಂದು ಬರೆದಿಡಿ

"ಹೆವಿ ಡ್ಯೂಟಿ" ಎಂಬ ಪದ ಇಲ್ಲಿ ಉಪಯೋಗಕ್ಕೆ ಬಾರದು. ಬೇಕಾದದ್ದು ನೇರ ಉತ್ತರಗಳು. ಓಡಾಡುವುದು ಜನರೋ, ಕಾರೋ, ಫೋರ್ಕ್‌ಲಿಫ್ಟೋ? ಚಕ್ರ ಗಾಳಿ ತುಂಬಿದ ರಬ್ಬರಿನದೋ, ಗಟ್ಟಿ ನೈಲಾನಿನದೋ, ಕಬ್ಬಿಣದ್ದೋ? ಒಟ್ಟು ತೂಕಕ್ಕಿಂತ ಚಕ್ರದ ಅಗಲ ಮುಖ್ಯ. ಅಂಗೈಯಷ್ಟು ಜಾಗದಲ್ಲಿ ನಿಲ್ಲುವ ಕಾರಿನ ಟೈರಿಗಿಂತ ಬೆರಳಗಲದ ಗೆರೆಯ ಮೇಲೆ ನಿಲ್ಲುವ ಪ್ಯಾಲೆಟ್ ಟ್ರಕ್ಕಿನ ಸಣ್ಣ ನೈಲಾನ್ ಚಕ್ರ ನೆಲಕ್ಕೆ ಹೆಚ್ಚು ಹಾನಿ ಮಾಡುತ್ತದೆ. ಅದರ ಅಡಿಗೆ ಒಂದು ಮರಳಿನ ಕಣ ಸಿಕ್ಕಿದರಂತೂ ಅದು ಉಳಿಯಂತೆ ಕೊರೆಯುತ್ತದೆ.

ನೆಲ ಒದ್ದೆಯಾಗುತ್ತದೆಯೇ, ಎಣ್ಣೆ ಅಥವಾ ಆಮ್ಲ ಚೆಲ್ಲುತ್ತದೆಯೇ, ಎಷ್ಟು ಬಿಸಿ ನೀರಿನಲ್ಲಿ ತೊಳೆಯುತ್ತಾರೆ, ಇಳಿಜಾರು ಎಷ್ಟು, ಬಾಗಿಲಿನ ಕೆಳಗೆ ಎಷ್ಟು ಸಂದಿ ಇದೆ ಎಂಬುದನ್ನೂ ಸೇರಿಸಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. 3 ಮಿ.ಮೀ. ನೆಲ ಹಾಕಿದ ಮೇಲೆ ಬಾಗಿಲು ತೆರೆಯದಿದ್ದರೆ ಬಡಗಿಯನ್ನು ಕರೆಯಬೇಕಾಗುತ್ತದೆ.

ಹಂತ 2: ದಪ್ಪದ ವರ್ಗ ಆರಿಸಿ

ಜನ ಮಾತ್ರ ನಡೆಯುವ ಕೋಣೆ, ಸಾಮಾನಿಡುವ ಕೋಣೆ, ಧೂಳೇಳದಿದ್ದರೆ ಸಾಕು ಎನ್ನುವ ಜಾಗಕ್ಕೆ ಒಣಗಿದ ಮೇಲೆ 150ರಿಂದ 250 ಮೈಕ್ರಾನ್ ಸಾಕು. ಇದನ್ನು ರೋಲರಿನಲ್ಲೇ ಮುಗಿಸಬಹುದು.

ಕಾರು ನಿಲ್ಲುವ ಗ್ಯಾರೇಜಿಗೆ 300ರಿಂದ 500 ಮೈಕ್ರಾನ್ ಇಟ್ಟುಕೊಳ್ಳಿ. ಓಡಿ ಬಂದ ಕಾರಿನ ಬಿಸಿ ಟೈರು ಆರುವಾಗ ಕುಗ್ಗಿ, ತನ್ನ ಅಡಿಯ ಲೇಪನವನ್ನು ಹಿಡಿದೆಳೆಯುತ್ತದೆ. ತೆಳು ಲೇಪನ, ಅದರಲ್ಲೂ ನುಣುಪಾದ ಕಾಂಕ್ರೀಟಿನ ಮೇಲೆ ಬಳಿದದ್ದು, ಟೈರಿನ ಆಕಾರದಲ್ಲೇ ಕಿತ್ತು ಬರುವುದು ಇದರಿಂದ. ಇಲ್ಲಿ ದಪ್ಪ ಸ್ವಲ್ಪ ನೆರವಾದರೂ ನೆಲವನ್ನು ಉಜ್ಜಿ ತಯಾರು ಮಾಡಿದ್ದೇ ಹೆಚ್ಚು ಕೆಲಸ ಮಾಡುತ್ತದೆ.

ಫೋರ್ಕ್‌ಲಿಫ್ಟ್, ಪ್ಯಾಲೆಟ್ ಟ್ರಕ್, ಕಾರ್ಯಾಗಾರ ಎಂದರೆ ಮೈಕ್ರಾನಿನ ಲೆಕ್ಕ ಬಿಟ್ಟು ಮಿಲಿಮೀಟರಿಗೆ ಬನ್ನಿ. 2ರಿಂದ 3 ಮಿ.ಮೀ. ದಪ್ಪದ ಸೆಲ್ಫ್ ಲೆವೆಲಿಂಗ್ ಎಪಾಕ್ಸಿ (ಸುರಿದರೆ ತಾನೇ ಹರಿದು ಸಮನಾಗುವಂಥದ್ದು), ಅಥವಾ ಮರಳು ಎರಚಿ ಕಟ್ಟಿದ ಅಷ್ಟೇ ದಪ್ಪದ ಪದರ ಬೇಕು. ಕಬ್ಬಿಣದ ಚಕ್ರ ಎಳೆದಾಡುವಲ್ಲಿ, ಭಾರದ ಬಿಡಿಭಾಗಗಳು ಕೈತಪ್ಪಿ ಬೀಳುವಲ್ಲಿ 4ರಿಂದ 6 ಮಿ.ಮೀ. ಎಪಾಕ್ಸಿ ಗಾರೆ ಹಾಕಬೇಕು. ಇದು ಸುರಿಯುವ ವಸ್ತುವಲ್ಲ. ಮರಳು ತುಂಬಿದ ಗಟ್ಟಿ ಮಿಶ್ರಣವನ್ನು ಕರಣೆಯಲ್ಲಿ ಒತ್ತಿ ಹರಡುವುದು.

ಬಿಸಿನೀರು ಅಥವಾ ಹಬೆಯಲ್ಲಿ ತೊಳೆಯುವ ನೆಲಕ್ಕೆ ಎಷ್ಟು ದಪ್ಪದ ಎಪಾಕ್ಸಿ ಹಾಕಿದರೂ ದಂಡ. ಸಾಮಾನ್ಯ ತಾಪದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳು ಬಹುಮಟ್ಟಿಗೆ 50–60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತವೆ. ಅಂಥಲ್ಲಿ ಪಾಲಿಯುರೆಥೇನ್ ಸಿಮೆಂಟ್ ನೆಲ, 6ರಿಂದ 9 ಮಿ.ಮೀ. ದಪ್ಪದಲ್ಲಿ, ಸರಿಯಾದ ಆಯ್ಕೆ.

ಒಂದು ಅಪವಾದವಿದೆ. ಎಲೆಕ್ಟ್ರಾನಿಕ್ ಕೆಲಸದ ಕೋಣೆಗಳಿಗೆ ಹಾಕುವ, ಸ್ಥಿರ ವಿದ್ಯುತ್ತನ್ನು ಹರಿಸಿಬಿಡುವ ನೆಲಗಳಲ್ಲಿ ಹೆಚ್ಚು ದಪ್ಪವೇ ದೋಷ. ಮೇಲ್ಪದರ ದಪ್ಪವಾದಂತೆ ಅದರ ಅಡಿಯ ವಾಹಕ ಪದರಕ್ಕೆ ವಿದ್ಯುತ್ ತಲುಪುವುದು ಕಷ್ಟವಾಗಿ, ಅಳತೆ ಮಿತಿ ಮೀರುತ್ತದೆ. ಅಲ್ಲಿ ತಯಾರಕರು ಹೇಳಿದ ಗರಿಷ್ಠ ದಪ್ಪವನ್ನು ದಾಟಲೇಬಾರದು.

ಹಂತ 3: ಕಾಂಕ್ರೀಟ್ ಏನು ತಡೆದೀತು ಎಂದು ನೋಡಿ

ಲೇಪನ ಕಿತ್ತು ಬಂದಾಗ ಆ ಚಕ್ಕೆಯ ಹಿಂಬದಿಯನ್ನು ತಿರುಗಿಸಿ ನೋಡಿ. ಬೂದು ಬಣ್ಣದ ಸಿಮೆಂಟ್ ಪುಡಿ ಅಥವಾ ತೆಳು ಕಾಂಕ್ರೀಟ್ ಪದರ ಅಂಟಿಕೊಂಡಿದ್ದರೆ ಸೋತದ್ದು ಎಪಾಕ್ಸಿಯಲ್ಲ, ಕಾಂಕ್ರೀಟಿನ ಮೇಲ್ಮೈ. ದಪ್ಪ ಹೆಚ್ಚಿಸಿದಷ್ಟೂ ಈ ಸೋಲು ಬೇಗ ಬರುತ್ತದೆ. ಕಾರಣ ಹೀಗೆ: ಕಾಂಕ್ರೀಟ್ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 10–12 ಮೈಕ್ರಾನ್ ಹಿಗ್ಗುತ್ತದೆ. ಮರಳು ಬೆರೆಸದ ಎಪಾಕ್ಸಿ 50 ಮೈಕ್ರಾನಿಗಿಂತಲೂ ಹೆಚ್ಚು ಹಿಗ್ಗುತ್ತದೆ. ಜೊತೆಗೆ ಗಟ್ಟಿಯಾಗುವಾಗ ಎಪಾಕ್ಸಿ ಕುಗ್ಗುತ್ತದೆ. ತೆಳು ಪದರದಲ್ಲಿ ಈ ಎಳೆತ ಲೆಕ್ಕಕ್ಕಿಲ್ಲ. 3 ಮಿ.ಮೀ. ಪದರದಲ್ಲಿ ಅಂಚುಗಳು ಮೇಲಕ್ಕೆ ಸುರುಳಿ ಹಿಡಿದು ಕಾಂಕ್ರೀಟಿನ ತೊಗಟೆಯನ್ನೇ ಎಬ್ಬಿಸಬಲ್ಲವು. ದಪ್ಪ ನೆಲಗಳಿಗೆಲ್ಲ ಸ್ಫಟಿಕ ಮರಳು ಬೆರೆಸುವುದು ದುಡ್ಡು ಉಳಿಸುವುದಕ್ಕೆ ಮಾತ್ರವಲ್ಲ. ಮರಳು ಈ ಹಿಗ್ಗು-ಕುಗ್ಗನ್ನು ಕಾಂಕ್ರೀಟಿನ ಹತ್ತಿರಕ್ಕೆ ತರುತ್ತದೆ.

ಸಾಮಾನ್ಯವಾಗಿ ಕೇಳುವ ಕನಿಷ್ಠ ಮಟ್ಟ ಇದು: ಕಾಂಕ್ರೀಟಿನ ಒತ್ತಡ ತಾಳಿಕೆ 25 ಮೆಗಾಪಾಸ್ಕಲ್, ಮೇಲ್ಮೈ ಎಳೆತ ತಾಳಿಕೆ 1.5 ಮೆಗಾಪಾಸ್ಕಲ್, ವಯಸ್ಸು 28 ದಿನ. ಎಳೆದು ನೋಡುವ ಯಂತ್ರ ಸಿಗದಿದ್ದರೆ ಮೊಳೆಯಿಂದ ಬಲವಾಗಿ ಗೀರಿ. ಗೀರು ಬಿಳಿಯ ತೆಳು ಗೆರೆಯಾಗಿ ಉಳಿದರೆ ಸರಿ. ಪುಡಿ ಎದ್ದು ಕಾಲುವೆ ಬಿದ್ದರೆ ಆ ದುರ್ಬಲ ಕೆನೆಪದರ ಹೋಗುವವರೆಗೆ ಗ್ರೈಂಡ್ ಮಾಡಬೇಕು.

ತೇವ ನೋಡಲು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಅಡಿಯಲ್ಲಿ ಬೆವರಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಕೆಲಸ ನಿಲ್ಲಿಸಿ. ಒಣಗಿದಂತೆ ಕಂಡರೂ ಪೂರ್ತಿ ನಂಬಬೇಡಿ. ರಂಧ್ರ ಕೊರೆದು ಒಳಗಿನ ಆರ್ದ್ರತೆ ಅಳೆಯುವ ಸಲಕರಣೆ ಹೆಚ್ಚು ನಿಖರ, ಹಲವು ಉತ್ಪನ್ನಗಳಿಗೆ ಅದು ಶೇ. 75ರ ಒಳಗಿರಬೇಕು. ತೇವವಿರುವ ನೆಲದ ಮೇಲೆ ದಪ್ಪ ಪದರ ಹಾಕಿದರೆ ನೀರಿಗೆ ಹೊರಹೋಗುವ ದಾರಿ ಮುಚ್ಚಿ, ಗುಳ್ಳೆಗಳೇಳುತ್ತವೆ. ಗುಳ್ಳೆ ಚುಚ್ಚಿದರೆ ಅಂಟಂಟಾದ ದ್ರವ ಬಂದರೆ ಅದು ಇದೇ ಕಾಯಿಲೆ. ಮದ್ದು ತೇವ ತಡೆಯುವ ಪ್ರೈಮರ್, ಅಂದರೆ ಎಲ್ಲಕ್ಕಿಂತ ಮೊದಲು ಬಳಿಯುವ ಅಡಿಪದರ. ಇನ್ನೊಂದು ಕೋಟ್ ಎಪಾಕ್ಸಿಯಲ್ಲ.

ಈಗ ಒರಟುತನ. ಕಾಂಕ್ರೀಟಿನ ಒರಟುತನವನ್ನು ಐಸಿಆರ್‌ಐ (ಅಂತರರಾಷ್ಟ್ರೀಯ ಕಾಂಕ್ರೀಟ್ ದುರಸ್ತಿ ಸಂಸ್ಥೆ) ರೂಪಿಸಿದ ಸಿಎಸ್‌ಪಿ, ಅಂದರೆ ಕಾಂಕ್ರೀಟ್ ಸರ್ಫೇಸ್ ಪ್ರೊಫೈಲ್, ಅಂಕೆಗಳಲ್ಲಿ ಹೇಳುವ ರೂಢಿಯಿದೆ: 1 ಬಹುತೇಕ ನುಣುಪು, 10 ತೀರಾ ಒರಟು. 100–250 ಮೈಕ್ರಾನ್ ಲೇಪನಕ್ಕೆ 1ರಿಂದ 3, ಒಂದು ಮಿ.ಮೀ.ವರೆಗಿನ ದಪ್ಪ ಕೋಟಿಗೆ 3ರಿಂದ 5, ಸೆಲ್ಫ್ ಲೆವೆಲಿಂಗಿಗೆ 4ರಿಂದ 6, ಗಾರೆಗೆ 5ರಿಂದ 9. ಇದು ಎರಡೂ ಕಡೆ ಕಟ್ಟಿದ ಗಂಟು: ದಪ್ಪಕ್ಕೆ ಹೋಲಿಸಿದರೆ ಒರಟುತನ ಹೆಚ್ಚಾದರೂ ಕೆಡುಕೇ. ಅರ್ಧ ಮಿಲಿಮೀಟರ್ ಏರಿಳಿತವಿರುವಂತೆ ಶಾಟ್ ಬ್ಲಾಸ್ಟ್ ಮಾಡಿದ (ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಒರಟಾಗಿಸಿದ) ನೆಲಕ್ಕೆ 200 ಮೈಕ್ರಾನ್ ಬಳಿದರೆ ತಗ್ಗುಗಳು ತುಂಬುತ್ತವೆ, ಉಬ್ಬಿನ ತುದಿಗಳು ಬತ್ತಲೆ ನಿಲ್ಲುತ್ತವೆ. ಸವೆತ ಶುರುವಾಗುವುದು ಆ ತುದಿಗಳಲ್ಲೇ. ಹಾಗಾಗಿ ದಪ್ಪ ನಿರ್ಧರಿಸಿದ ಮೇಲೆಯೇ ಯಂತ್ರ ಬಾಡಿಗೆಗೆ ತನ್ನಿ, ಮೊದಲಲ್ಲ.

ಸಮತಟ್ಟು ನೋಡಲು ಉದ್ದನೆಯ ನೇರ ಪಟ್ಟಿ ಮತ್ತು ರಸಮಟ್ಟ ಸಾಕು. ಸೆಲ್ಫ್ ಲೆವೆಲಿಂಗ್ ಎಂಬ ಹೆಸರು ಮೋಸ ಮಾಡುತ್ತದೆ: ಅದು ಕರಣೆಯ ಗೆರೆಗಳನ್ನು ಮಾಯ ಮಾಡೀತೇ ಹೊರತು ಕೋಣೆಯ ಓರೆಯನ್ನು ತಿದ್ದುವುದಿಲ್ಲ. 2 ಮಿ.ಮೀ. ಪದರದಡಿ 5 ಮಿ.ಮೀ. ತಗ್ಗಿದ್ದರೆ ದ್ರವ ಅಲ್ಲಿಗೆ ಹರಿದು, ಸುತ್ತಲಿನ ಉಬ್ಬುಗಳ ಮೇಲೆ ತೆಳುವಾಗುತ್ತದೆ. ತಗ್ಗುಗಳನ್ನು ಎಪಾಕ್ಸಿ-ಮರಳಿನ ಮಿಶ್ರಣದಿಂದ ಹಿಂದಿನ ದಿನವೇ ತುಂಬಿಡಿ. ಶೇ. 2ಕ್ಕಿಂತ ಹೆಚ್ಚಿನ ಇಳಿಜಾರಿನಲ್ಲಿ ಸುರಿಯುವ ಎಪಾಕ್ಸಿ ಬೇಡ. ರೋಲರ್ ಮತ್ತು ಮರಳಿನ ದಾರಿ ಹಿಡಿಯಿರಿ.

ಹಂತ 4: ಲೀಟರಿನ ಲೆಕ್ಕ

ಡಬ್ಬದ ಮೇಲೆ ಅಥವಾ ಜೊತೆಗಿನ ಮಾಹಿತಿ ಪತ್ರದಲ್ಲಿ ಎರಡು ಅಂಕೆ ಹುಡುಕಿ. ಒಂದು, ಗಾತ್ರದ ಲೆಕ್ಕದಲ್ಲಿ ಘನಾಂಶ, ಅಂದರೆ ಒಣಗಿದ ಮೇಲೆ ಉಳಿಯುವ ಭಾಗ, ಶೇಕಡಾ ಎಷ್ಟು. ಇನ್ನೊಂದು, ಬೆರೆಸಿದ ಮೇಲಿನ ಸಾಂದ್ರತೆ. ತೂಕದ ಲೆಕ್ಕದ ಘನಾಂಶ ಬೇರೆ, ಗಾತ್ರದ್ದು ಬೇರೆ. ಬಣ್ಣದ ಪುಡಿ ಭಾರವಿರುವುದರಿಂದ ತೂಕದ ಅಂಕೆ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ. ದಪ್ಪಕ್ಕೆ ಬೇಕಾದದ್ದು ಗಾತ್ರದ್ದು.

ಸೂತ್ರ: ಬೇಕಾದ ಲೀಟರ್ = ವಿಸ್ತೀರ್ಣ × ಒಣ ದಪ್ಪ ಮಿ.ಮೀ.ನಲ್ಲಿ ÷ ಘನಾಂಶ (ಶೇ. 50 ಎಂದರೆ 0.5).

6 ಮೀಟರ್ ಉದ್ದ, 5 ಮೀಟರ್ ಅಗಲದ ನೆಲ ತೆಗೆದುಕೊಳ್ಳಿ: 30 ಚದರ ಮೀಟರ್. 300 ಮೈಕ್ರಾನ್, ಅಂದರೆ 0.3 ಮಿ.ಮೀ. ಬೇಕು. ಘನಾಂಶ ಶೇ. 100 ಇದ್ದರೆ 9 ಲೀಟರ್. ಶೇ. 50 ಇರುವ ನೀರು ಆಧಾರಿತ ಎಪಾಕ್ಸಿಯಾದರೆ 18 ಲೀಟರ್, ಅದೂ ಮೂರು-ನಾಲ್ಕು ಕೋಟಿನಲ್ಲಿ. ಲೀಟರಿನ ಬೆಲೆ ನೋಡಿ ಡಬ್ಬ ಆರಿಸುವವರು ಎಡವುವುದು ಇಲ್ಲಿಯೇ. ಹೋಲಿಸಬೇಕಾದದ್ದು ಘನಾಂಶದ ಒಂದು ಲೀಟರಿಗೆ ಎಷ್ಟು ಬಿತ್ತು ಎಂಬುದನ್ನು.

ಇದಕ್ಕೆ ನಷ್ಟದ ಪಾಲು ಕೂಡಿಸಿ. ಬಕೆಟಿನ ಗೋಡೆ, ರೋಲರಿನ ಉಣ್ಣೆ, ಕಾಂಕ್ರೀಟಿನ ಸಣ್ಣ ಕುಳಿಗಳು ಒಟ್ಟಾಗಿ ಶೇ. 15–20 ನುಂಗುತ್ತವೆ. 9 ಲೀಟರ್ ಎಂದರೆ 11 ಲೀಟರ್ ತನ್ನಿ. ಒಂದು ಚದರ ಮೀಟರ್ ಪರೀಕ್ಷಾ ತುಂಡು ಹಾಕಿ, ಬಕೆಟನ್ನು ಮೊದಲು ಮತ್ತು ನಂತರ ತೂಗಿದರೆ ನಿಮ್ಮ ನೆಲದ ಹಸಿವು ಎಷ್ಟೆಂದು ತಿಳಿಯುತ್ತದೆ. ಪ್ರೈಮರ್ ಲೆಕ್ಕ ಬೇರೆ: ಚದರ ಮೀಟರಿಗೆ 0.2ರಿಂದ 0.3 ಕೆ.ಜಿ., ಕುಡಿಯುವ ನೆಲವಾದರೆ ಎರಡು ಸಲ. ನೆಲದೊಳಗೆ ಇಳಿದುಹೋದ ಪ್ರೈಮರನ್ನು ದಪ್ಪಕ್ಕೆ ಎಣಿಸಬೇಡಿ.

ಸೆಲ್ಫ್ ಲೆವೆಲಿಂಗ್ ಕೆ.ಜಿ. ಲೆಕ್ಕದಲ್ಲಿ ಬರುತ್ತದೆ. ಸಾಂದ್ರತೆ ಲೀಟರಿಗೆ 1.6 ಕೆ.ಜಿ. ಎಂದಿಟ್ಟುಕೊಂಡರೆ 2 ಮಿ.ಮೀ.ಗೆ ಚದರ ಮೀಟರಿಗೆ 3.2 ಕೆ.ಜಿ. ಇದೇ 30 ಚದರ ಮೀಟರಿಗೆ 96 ಕೆ.ಜಿ., ನಷ್ಟ ಬೇರೆ. 10 ಕೆ.ಜಿ.ಯ ಒಂದು ಬಕೆಟ್ 3.1 ಚದರ ಮೀಟರಿಗೆ ಮುಗಿಯಬೇಕು. ಕೆಲಸ ಶುರುವಾಗುವ ಮೊದಲು ನೆಲದ ಮೇಲೆ ಪೆನ್ಸಿಲಿನಿಂದ ಅಷ್ಟಷ್ಟು ದೊಡ್ಡ ಚೌಕ ಗೀಚಿಡಿ: ಒಂದು ಚೌಕಕ್ಕೆ ಒಂದು ಬಕೆಟ್. ಮೂರನೆಯ ಬಕೆಟ್ ನಾಲ್ಕನೆಯ ಚೌಕಕ್ಕೆ ದಾಟಿದರೆ ಪದರ ತೆಳುವಾಗುತ್ತಿದೆ ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಅಳತೆಗೋಲು ಬೇರೆ ಇಲ್ಲ.

ಥಿನ್ನರ್ ಬೆರೆಸಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಶೇ. 100 ಘನಾಂಶದ ಒಂದು ಲೀಟರಿಗೆ 100 ಮಿಲಿಲೀಟರ್ ಥಿನ್ನರ್ ಹಾಕಿದರೆ ಘನಾಂಶ ಸುಮಾರು ಶೇ. 91ಕ್ಕೆ ಇಳಿಯುತ್ತದೆ. ದಪ್ಪ ಪದರದಲ್ಲಿ ಸಿಕ್ಕಿಬಿದ್ದ ಥಿನ್ನರ್ ಒಳಗೇ ಉಳಿದು ನೆಲ ಮೆತ್ತಗಾಗುವುದು ಅದಕ್ಕಿಂತ ಕೆಟ್ಟದ್ದು.

ಹಂತ 5: ಒಂದು ಕೋಟಿನಲ್ಲಿ ಎಷ್ಟು

ಪ್ರತಿ ಉತ್ಪನ್ನಕ್ಕೂ ಒಂದು ಕೋಟಿನ ಗರಿಷ್ಠ ಮಿತಿಯಿದೆ. ನೀರು ಆಧಾರಿತದ್ದನ್ನು ದಪ್ಪವಾಗಿ ಬಳಿದರೆ ಮೇಲೆ ಚರ್ಮ ಕಟ್ಟಿ ಒಳಗೆ ನೀರು ಉಳಿಯುತ್ತದೆ. ಒಣ ಲೆಕ್ಕದಲ್ಲಿ 60–100 ಮೈಕ್ರಾನಿನ ಒಳಗೇ ಇರಿ. ದ್ರಾವಕವಿಲ್ಲದ ರೋಲರ್ ಎಪಾಕ್ಸಿಯನ್ನು ಒಂದು ಸಲಕ್ಕೆ 150–250 ಮೈಕ್ರಾನ್ ಬಳಿಯಬಹುದು. ರೋಲರನ್ನು ಒಣಗುವಷ್ಟು ಎಳೆದಾಡಿದರೆ 80ಕ್ಕೆ ಇಳಿದುಬಿಡುತ್ತದೆ.

1 ಮಿ.ಮೀ. ಮೇಲೆ ಹಲ್ಲಿನ ಕರಣೆ ಬೇಕು. ಒಂದಕ್ಕೊಂದು ಅಂಟಿದ ತ್ರಿಕೋನ ಹಲ್ಲುಗಳಾದರೆ ಹಲ್ಲಿನ ಎತ್ತರದ ಅರ್ಧದಷ್ಟು ದಪ್ಪ ಕೂರುತ್ತದೆ, 2 ಮಿ.ಮೀ.ಗೆ 4 ಮಿ.ಮೀ. ಹಲ್ಲು. ಕರಣೆಯನ್ನು ಓರೆ ಹಿಡಿದಷ್ಟೂ ದಪ್ಪ ಇಳಿಯುತ್ತದೆ, ಹಲ್ಲು ಸವೆದಂತೆಯೂ ಇಳಿಯುತ್ತದೆ. ಒರಟು ಕಾಂಕ್ರೀಟ್ ಹಲ್ಲನ್ನು ಬೇಗ ತಿನ್ನುತ್ತದೆ, ಆದ್ದರಿಂದ ಬದಲಿ ಪಟ್ಟಿಗಳು ಕೈಯಳತೆಯಲ್ಲಿರಲಿ. ಹರಡಿದ ಕೂಡಲೇ ಮುಳ್ಳು ರೋಲರ್ ಓಡಿಸಿ ಗಾಳಿ ಬಿಡಿಸಿ. ಗಟ್ಟಿಯಾಗತೊಡಗಿದ ಮೇಲೆ ಓಡಿಸಿದರೆ ಮುಳ್ಳಿನ ಗುರುತು ಹಾಗೇ ಉಳಿಯುತ್ತದೆ.

ಬೆರೆಸಿದ ಎಪಾಕ್ಸಿಯನ್ನು ಬಕೆಟಿನಲ್ಲಿ ಬಿಡಬೇಡಿ. ರಾಶಿಯಾಗಿದ್ದಾಗ ತನ್ನದೇ ಬಿಸಿಯಿಂದ ಇನ್ನೂ ಬೇಗ ಗಟ್ಟಿಯಾಗುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸುರಿದ ಮೇಲೆ ಬಕೆಟಿನ ಗೋಡೆಯನ್ನು ಕೆರೆದು ನೆಲಕ್ಕೆ ಹಾಕುವುದೂ ಬೇಡ. ಸರಿಯಾಗಿ ಬೆರೆಯದ ರೆಸಿನ್ ಇರುವುದು ಅಲ್ಲೇ. ಆ ಜಾಗ ಎಂದಿಗೂ ಅಂಟಾಗಿಯೇ ಇರುತ್ತದೆ. ತಾಪಮಾನ ಇಳಿಯುವ ಹೊತ್ತು, ಅಂದರೆ ಸಂಜೆ, ಹಾಕುವುದು ಮೇಲು. ಬೆಳಗ್ಗೆ ಬಿಸಿಯೇರುವ ಕಾಂಕ್ರೀಟ್ ತನ್ನೊಳಗಿನ ಗಾಳಿಯನ್ನು ಮೇಲಕ್ಕೆ ತಳ್ಳಿ ಸೂಜಿರಂಧ್ರ ಮಾಡುತ್ತದೆ. ನೆಲದ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ತಾಪ) ಕನಿಷ್ಠ 3 ಡಿಗ್ರಿ ಮೇಲಿರಲಿ. ನೈಟ್ರೈಲ್ ಕೈಗವಸು ಹಾಕದೆ ಮುಟ್ಟಬೇಡಿ, ಗ್ರೈಂಡ್ ಮಾಡುವಾಗ ಧೂಳಿನ ಮಾಸ್ಕ್ ತೆಗೆಯಬೇಡಿ.

ಮರಳು ಎರಚುವುದಾದರೆ 0.3–0.8 ಮಿ.ಮೀ. ಒಣ ಸ್ಫಟಿಕ ಮರಳು ತೆಗೆದುಕೊಳ್ಳಿ. ಅಡಿಯ ಕೋಟ್ 300–400 ಮೈಕ್ರಾನ್ ಇದ್ದರೆ ಕಾಳು ಅರ್ಧ ಮುಳುಗಿ ಹಿಡಿದು ನಿಲ್ಲುತ್ತದೆ. ನೆಲ ಪೂರ್ತಿ ಮುಚ್ಚಿ ಒಣಗಿದಂತೆ ಕಾಣುವವರೆಗೆ ಎರಚಿ. ಚದರ ಮೀಟರಿಗೆ 3–4 ಕೆ.ಜಿ. ಹೋಗುತ್ತದೆ. ಮರುದಿನ ಸಡಿಲ ಮರಳು ಗುಡಿಸಿ ಮೇಲ್ಕೋಟ್ ಕೊಡಿ. ಆ ಮೇಲ್ಕೋಟ್ ಅತಿಯಾದರೆ ಕಾಳುಗಳು ಮುಳುಗಿ, ಜಾರದಿರಲೆಂದು ಹಾಕಿದ ನೆಲ ಜಾರುಬಂಡೆಯಾಗುತ್ತದೆ.

ದಪ್ಪ ನೆಲದ ಅಂಚನ್ನು ಸೊನ್ನೆಗೆ ತೆಳುಗೊಳಿಸಿ ಮುಗಿಸಬೇಡಿ. ಬಾಗಿಲು, ಚರಂಡಿ, ಕೊನೆಯ ಗೆರೆ ಇರುವಲ್ಲಿ ನೆಲದ ದಪ್ಪದ ಎರಡರಷ್ಟು ಆಳ, ಎರಡರಷ್ಟು ಅಗಲದ ಕಾಲುವೆ ಕೊಯ್ದು ಮಿಶ್ರಣವನ್ನು ಅದರೊಳಕ್ಕೆ ಇಳಿಸಿ. ಕಾಂಕ್ರೀಟಿನ ಹಿಗ್ಗು ಸಂದುಗಳನ್ನು ಮುಚ್ಚಿಹಾಕಬೇಡಿ. ಎಷ್ಟೇ ದಪ್ಪವಿರಲಿ, ಬಿರುಕು ಆ ಗೆರೆಯಲ್ಲೇ ಮೇಲೆ ಬರುತ್ತದೆ.

ಹಂತ 6: ಅಳೆಯಿರಿ

ಹಸಿಯಿರುವಾಗ ಅಳೆಯಲು ಲೋಹದ ಬಾಚಣಿಗೆ ಗೇಜ್ ಇದೆ. ನೆಟ್ಟಗೆ ಒತ್ತಿ ತೆಗೆಯಿರಿ. ಒದ್ದೆಯಾದ ಕೊನೆಯ ಹಲ್ಲು ಮತ್ತು ಅದರ ಪಕ್ಕದ ಒಣ ಹಲ್ಲಿನ ನಡುವೆ ದಪ್ಪವಿದೆ. 300 ಒದ್ದೆ, 350 ಒಣ ಎಂದರೆ ಹಸಿ ದಪ್ಪ ಅವೆರಡರ ನಡುವೆ. ಇದನ್ನು ಘನಾಂಶದಿಂದ ಗುಣಿಸಿದರೆ ಒಣ ದಪ್ಪ. ಒರಟು ನೆಲದಲ್ಲಿ ಬಾಚಣಿಗೆಯ ಕಾಲು ಕುಳಿಗಿಳಿದು ತಪ್ಪು ಹೇಳುವುದರಿಂದ, ನುಣುಪಾದ ಲೋಹದ ಬಿಲ್ಲೆಗಳನ್ನು ಅಲ್ಲಲ್ಲಿ ಟೇಪಿನಿಂದ ಅಂಟಿಸಿ ಅವುಗಳ ಮೇಲೆ ಅಳೆಯಿರಿ.

ಒಣಗಿದ ಮೇಲೆ, ಕಬ್ಬಿಣದ ಮೇಲಿನ ಬಣ್ಣ ಅಳೆಯುವ ಕಾಂತೀಯ ಗೇಜ್ ಕಾಂಕ್ರೀಟಿನಲ್ಲಿ ಕೆಲಸಕ್ಕೆ ಬಾರದು. ಅಲ್ಟ್ರಾಸಾನಿಕ್ ಗೇಜ್ ಬೇಕು. ಇಲ್ಲವೇ ಮೂಲೆಯಲ್ಲಿ ಸಣ್ಣ ತುಂಡು ಕೊರೆದು ತೆಗೆದು ಅದರ ಅಡ್ಡಕೊಯ್ತದಲ್ಲಿ ದಪ್ಪ ಅಳೆಯಬೇಕು. ಕಬ್ಬಿಣದ ಬಿಲ್ಲೆಯನ್ನೇ ಅಂಟಿಸಿದ್ದರೆ ಅದರ ಮೇಲೆ ಕಾಂತೀಯ ಗೇಜ್ ಓದುತ್ತದೆ. ಸರಾಸರಿಯೊಂದನ್ನೇ ನೋಡಬೇಡಿ. ಒಂದು ಕಡೆ 500, ಇನ್ನೊಂದು ಕಡೆ 100 ಇದ್ದರೂ ಸರಾಸರಿ 300 ಬರುತ್ತದೆ. ಯಾವ ಒಂದು ಅಳತೆಯೂ ಗುರಿಯ ಶೇ. 80ಕ್ಕಿಂತ ಕೆಳಗೆ ಬೀಳಬಾರದೆಂದು ಇಟ್ಟುಕೊಳ್ಳಿ.

ತೆಳುವಾಗಿದೆ ಎಂದು ತಿಳಿದರೆ ಮತ್ತೊಂದು ಕೋಟ್ ಕೊಡಬಹುದು, ಆದರೆ ಸಮಯ ನೋಡಿ. ಹೆಚ್ಚಿನ ಎಪಾಕ್ಸಿಗಳಲ್ಲಿ 24ರಿಂದ 48 ಗಂಟೆಯೊಳಗೆ ಹೊಸ ಕೋಟ್ ಹಳೆಯದಕ್ಕೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಆ ಗಡುವು ಮೀರಿದರೆ ಮೇಲ್ಮೈಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಗಟ್ಟಿಕಾರಕದಿಂದ ಮೇಲೆ ಕಟ್ಟುವ ಜಿಡ್ಡಿನಂಥ ಅಮೈನ್ ಪೊರೆಯಿದ್ದರೆ ತೆಗೆದು, ಒಣಗಿಸಿ, ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಧೂಳನ್ನು ವ್ಯಾಕ್ಯೂಮ್ ಮಾಡಬೇಕು. ತೊಳೆಯದೆ ಉಜ್ಜಿದರೆ ಆ ಜಿಡ್ಡನ್ನೇ ನೆಲಕ್ಕೆ ತಿಕ್ಕಿದಂತಾಗಿ, ಹೊಸ ಕೋಟ್ ಹಾಳೆಯಂತೆ ಸುಲಿದು ಬರುತ್ತದೆ. 20 ಡಿಗ್ರಿಯಲ್ಲಿ ನಡೆದಾಡಲು ಒಂದು ದಿನ, ಹಗುರ ಚಕ್ರಕ್ಕೆ ಮೂರು ದಿನ, ಪೂರ್ಣ ಭಾರಕ್ಕೂ ರಾಸಾಯನಿಕಕ್ಕೂ ಏಳು ದಿನ ಬಿಡಿ.